ಅರ್ಕಾವೊತ್ತು ತಪ್ಪಿದ ಜರ್ಸಿ

ನಾನು ಒಂದು ಜರ್ಸಿ. ಹಾಲು ಕೊಡುವ ಜರ್ಸಿಯಲ್ಲ, ಮೈಗೆ ತೊಡುವ ಜರ್ಸಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಗುಳೇದಗುಡ್ಡದ ಬನವ್ವ ನನ್ನ ಹೆಸರು ಮೊದಲ ಸಲ ಕೇಳಿದಾಗ ಮಗ್ಗದ ಕೋಣೆಯಿಂದ ಓಡಿ ಬಂದು, “ಜರ್ಸಿ ಕೊಟ್ರಾ? ಎಲ್ಲಿ ಕಟ್ಟೋದವಾ ಅದನ್ನ? ಈ ಮನ್ಯಾಗ ನಮಗಽ ಜಾಗಿಲ್ಲ!” ಎಂದು ಬಾಯಿ ಮಾಡಿದ್ದಳು. ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನನಗೆ ಆಗ ಮೈಯೆಲ್ಲ ಉರಿದಿತ್ತು. ಈಗ ಆ ಮಾತು ಇನ್ನೊಂದು ಸಲ ಕೇಳಲು ಸಿಕ್ಕರೆ ಸಾಕು ಅನ್ನಿಸುತ್ತದೆ.

ನಾನು ಹುಟ್ಟಿದ್ದು ತಿರುಪ್ಪೂರಿನ ಒಂದು ಹೊಲಿಗೆ ಕಾರ್ಖಾನೆಯಲ್ಲಿ. ಹಳದಿ ಮೈ, ಕೆಂಪು ತೋಳು, ಎದೆ ಖಾಲಿ. ನನ್ನನ್ನು ಹೊಲಿದ ಹೆಂಗಸು ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ನೂಲು ಕತ್ತರಿಸಿ ಗುಡ್ಡೆಗೆ ಎಸೆದಳು. ಹುಟ್ಟಿದ ಊರಿನ ಬಗ್ಗೆ ನನಗೆ ಇದಕ್ಕಿಂತ ಹೆಚ್ಚಿನ ನೆನಪಿಲ್ಲ. ಹುಟ್ಟಿದ ಊರು ಅಂದರೆ ಅಂಥ ದೊಡ್ಡ ವಿಷಯವೇನಲ್ಲ ಅಂತಲೇ ನಾನು ಬಹಳ ಕಾಲ ತಿಳಿದುಕೊಂಡಿದ್ದೆ. ಮೂಟೆಯೊಳಗೆ ಸೇರಿ, ಲಾರಿ ಹತ್ತಿ, ಬಾಗಲಕೋಟೆಯಲ್ಲಿ ಮೌಲಾಸಾಬರ ಅಚ್ಚಿನ ಅಂಗಡಿಗೆ ಬಂದು ಬಿದ್ದೆ.

ಆ ವರ್ಷ ರಾಜ್ಯದ ಹುಡುಗಿಯರ ಖೋ-ಖೋ ತಂಡದ ತರಬೇತಿ ಬಾಗಲಕೋಟೆಯಲ್ಲಿ ನಡೆದಿತ್ತು. ತಂಡದ ಜರ್ಸಿಗಳ ಎದೆಯ ಮೇಲೆ ‘ಕರ್ನಾಟಕ’ ಎಂದು ಅಚ್ಚು ಹಾಕುವ ಕೆಲಸ ಮೌಲಾಸಾಬರಿಗೆ ಸಿಕ್ಕಿತ್ತು. ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸಿದ್ದು ಅವರ ಮಗ. ಮೊದಲ ಅಚ್ಚು ಬಿದ್ದದ್ದು ನನ್ನ ಮೇಲೆ. ನನಗೆ ಏನು ಹೆಮ್ಮೆ ಅಂತೀರಿ! ಖಾಲಿ ಎದೆ ತುಂಬಿತು, ನಾನೂ ಒಂದು ನಾಡಿನವನಾದೆ ಅಂದುಕೊಳ್ಳುವಷ್ಟರಲ್ಲಿ ಮೌಲಾಸಾಬರು ಕನ್ನಡಕ ಏರಿಸಿ ನೋಡಿ, ಹಣೆ ಚಚ್ಚಿಕೊಂಡರು.

“ಯಾ ಅಲ್ಲಾ! ಏ ಖೋಡಿ, ನಾಡಿನ ಹೆಸರಽ ಕೆಡಿಸಿ ಇಟ್ಟೀಯಲ್ಲೋ!”

ಅರ್ಕಾವೊತ್ತು ತಪ್ಪಿತ್ತು. ಕನ್ನಡ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಬಾಯಲ್ಲಿ ‘ರ್’ ಮೊದಲು ಬರುತ್ತದೆ, ‘ನಾ’ ಆಮೇಲೆ. ಬರೆಯುವಾಗ ಮಾತ್ರ ಆ ‘ರ್’ ಎಂಬುದು ಬಾಲ ಮುದುರಿಕೊಂಡು ‘ನಾ’ದ ಹಿಂದೆ ಹೋಗಿ ಕೂರುತ್ತದೆ. ನನ್ನ ಎದೆಯ ಮೇಲೆ ಅದು ಇನ್ನೊಂದು ಮನೆ ಹಾರಿ ‘ಟ’ದ ಹಿಂದೆ ಕೂತಿತ್ತು. ಓದಿದರೆ ‘ಕನಾರ್ಟಕ’. ಉಳಿದ ಜರ್ಸಿಗಳಿಗೆ ಅಚ್ಚು ತಿದ್ದಿದರು. ನನ್ನನ್ನು ಮೂಲೆಗೆ ಒಗೆದರು.

ಮೂಲೆಯಿಂದ ನನ್ನನ್ನು ಎತ್ತಿದವರು ಗುಳೇದಗುಡ್ಡದ ಶಾಲೆಯೊಂದರ ಪಿ.ಟಿ. ಮಾಸ್ತರರಾದ ಹುಚ್ಚೇಶ ಸರ್. ತರಬೇತಿಗೆ ನೆರವಾಗಲು ಬಂದವರು ಜರ್ಸಿ ಒಯ್ಯಲು ಅಂಗಡಿಗೆ ಬಂದಿದ್ದರು. “ನಮ್ಮ ಹುಡುಗ್ಯಾರಿಗೆ ಪ್ರಾಕ್ಟೀಸಿಗೆ ಆಕ್ಕೈತಿ, ಕೊಡ್ರಿ” ಎಂದು ಚೀಲಕ್ಕೆ ತುರುಕಿಕೊಂಡರು. ಹೀಗೆ ನಾನು ಗುಳೇದಗುಡ್ಡಕ್ಕೆ ಬಂದೆ. ಕೆಂಪು ಕಲ್ಲಿನ ಗುಡ್ಡ, ಗುಡ್ಡದ ಕೆಳಗೆ ಊರು, ಮನೆಮನೆಯಲ್ಲೂ ಕುಪ್ಪಸದ ಖಣ ನೇಯುವ ಮಗ್ಗ. ರೇಷ್ಮೆಯ ಖಣದ ಎದುರು ನನ್ನಂಥ ಜಾರುಬಟ್ಟೆಗೆ ಯಾರು ಬೆಲೆ ಕೊಡುತ್ತಾರೆ! ಶಾಲೆಯ ಹುಡುಗಿಯರು ನನ್ನ ಎದೆ ಓದಿ, “ಕ-ನಾರ್-ಟಕ! ಕ-ನಾರ್-ಟಕ!” ಎಂದು ಬಯಲೆಲ್ಲ ಕುಣಿದರು. ತೊಡಲು ಒಬ್ಬಳೂ ಒಪ್ಪಲಿಲ್ಲ.

ಆಗ ಮುಂದೆ ಬಂದವಳು ದಾನವ್ವ. ಗಿಡ್ಡ ದೇಹ, ಸಣ್ಣ ಕಣ್ಣು, ಅಗಲ ಕೆನ್ನೆ, ಗಾಳಿಯಂಥ ಕಾಲು.

“ತಪ್ಪಾಗಿದ್ರ ತಿದ್ದಿದ್ರಾತಲ್ರಿ ಸರ. ನಮ್ಮ ನಾಡಿನ ಹೆಸರು ಬರದದ್ದನ್ನ ಯಾರರ ಒಗೀತಾರೇನ್ರಿ?” ಎಂದು ನನ್ನನ್ನು ಕಿತ್ತುಕೊಂಡಳು.

ಮನೆಗೆ ಒಯ್ದು, ಜರ್ಸಿ ಕೊಟ್ಟರು ಎಂದು ಬಾಗಿಲಲ್ಲೇ ಕೂಗಿದಳು. ಆಕಳ ಮಾತು ಬಂದದ್ದು ಆಗಲೇ. ನಗು ಮುಗಿದ ಮೇಲೆ ಬನವ್ವ ‘ಟ’ದ ಹಿಂದಿನ ಗುರುತನ್ನು ಬ್ಲೇಡಿನಿಂದ ಕೆರೆದಳು. ಖಣಕ್ಕೆ ಬಳಸಿ ಉಳಿದಿದ್ದ ಕೆಂಪು ರೇಷ್ಮೆ ಎಳೆ ತಂದು ‘ನಾ’ದ ಹಿಂದೆ ಸೂಜಿಯಲ್ಲಿ ಹೊಸ ಅರ್ಕಾವೊತ್ತು ಬರೆದಳು. ಓದು ಬಾರದ ಬನವ್ವನಿಗೆ ದಾನವ್ವ ಬಳಪದಲ್ಲಿ ನೆಲದ ಮೇಲೆ ಬರೆದು ತೋರಿಸುತ್ತಿದ್ದಳು. ಕೆರೆದ ಜಾಗದಲ್ಲಿ ಸಣ್ಣದೊಂದು ಗಾಯ ಉಳಿಯಿತು. ಇರಲಿ, ನನಗೇನೂ ಬೇಜಾರಿಲ್ಲ. ಅಂಗಡಿಯ ಬಣ್ಣಕ್ಕಿಂತ ಆ ರೇಷ್ಮೆ ಚೆನ್ನಾಗಿತ್ತು.

ದಾನವ್ವನ ನಿಜವಾದ ಹೆಸರು ಧನಸರಾ. ಅವಳಪ್ಪ ಕರಣ ಬಹಾದ್ದೂರ, ಊರಿನ ಗೂರ್ಖಾ. ಅರಿವೆ ಅಂಗಡಿಗಳ ಬಜಾರವನ್ನು ಕೋಲು ಕುಟ್ಟುತ್ತ ಕಾಯುವವನು. ಇದೆಲ್ಲ ನಾನು ಬನವ್ವನ ಬಾಯಿಂದ ಕೇಳಿದ್ದು: ಒಂದು ದಿನ ಅವನು ಹಸುಗೂಸನ್ನು ಶಾಲಿನಲ್ಲಿ ಸುತ್ತಿಕೊಂಡು ಬಂದು ಅವಳ ಕಟ್ಟೆಯ ಮೇಲೆ ಕೂತನಂತೆ. ಹೆಂಡತಿ ಇಲ್ಲ ಎಂದು ಕೈ ಮೇಲೆತ್ತಿ ತೋರಿಸಿದನಂತೆ. ಮಕ್ಕಳಿಲ್ಲದ, ಗಂಡನನ್ನೂ ಕಳೆದುಕೊಂಡಿದ್ದ ಬನವ್ವ ಕೂಸನ್ನು ಎತ್ತಿಕೊಂಡು ಆಡಿನ ಹಾಲು ಕುಡಿಸಿದಳು. ‘ಧನಸರಾ’ ನಾಲಗೆಗೆ ಹತ್ತದೆ, “ನಮ್ಮ ದಾನಮ್ಮದೇವಿ ಕೊಟ್ಟ ಕೂಸು” ಎಂದು ದಾನವ್ವ ಮಾಡಿದಳು. ಶಾಲೆಗೆ ಹಾಕುವಾಗ ಹೆಡ್ ಮಾಸ್ತರರು ಯಾರನ್ನೂ ಕೇಳದೆ, ಹುಟ್ಟಿದ್ದು ಗುಳೇದಗುಡ್ಡ, ಜೂನ್ ಒಂದು ಎಂದು ಬರೆದುಕೊಂಡರು. ನಮ್ಮ ಕಡೆ ಅರ್ಧ ಊರೇ ಜೂನ್ ಒಂದಕ್ಕೆ ಹುಟ್ಟಿದ್ದು, ಅದರಲ್ಲೇನು ವಿಶೇಷ.

ದಾನವ್ವ ಬನವ್ವನನ್ನು ಆಯಿ ಎನ್ನುತ್ತಿದ್ದಳು. ಅಪ್ಪ ಅವಳನ್ನು ಬೇಟಿ ಎನ್ನುತ್ತಿದ್ದ. ಅವನ ಕನ್ನಡ ಕೇಳಿದರೆ ನಗು ಬರುತ್ತಿತ್ತು. ಗಂಡಸು ಹೆಂಗಸು ಎಮ್ಮೆ ಬಸ್ಸು ಎಲ್ಲವೂ ಅವನಿಗೆ ‘ಬರ್ತೈತಿ, ಹೋಗ್ತೈತಿ’. ಮಗಳ ಕನ್ನಡ ಹಾಗಲ್ಲ. ಜೋಳದ ರೊಟ್ಟಿಯ ಹಾಗೆ ಬಡಿದು ಬಡಿದು ಹದವಾದ ಅಪ್ಪಟ ಜವಾರಿ ಕನ್ನಡ.

ಅವಳ ಬೆನ್ನ ಮೇಲೆ ನಾನು ಕಂಡ ಸುಖ ಯಾವ ಖಣ ಕಂಡೀತು! ಖೋ-ಖೋದಲ್ಲಿ ಸಾಲಾಗಿ ಕೂತವರ ಹಿಂದಿನಿಂದ ಗೆಳತಿ ಓಡಿ ಬಂದು ಬೆನ್ನು ಮುಟ್ಟಿ “ಖೋ!” ಎನ್ನಬೇಕು. ಆಗ ಇವಳು ಎದ್ದು ಓಡಬೇಕು. ಆ ಏಟು ಮೊದಲು ಬೀಳುವುದು ನನಗೆ. ಅವಳು ಏಳುವುದಕ್ಕೆ ಮೊದಲೇ ನಾನು ಎದ್ದಿರುತ್ತಿದ್ದೆ. ಕಂಬದ ಹತ್ತಿರ ಅವಳು ಮೈ ಬಾಗಿಸಿ ತಿರುಗಿದರೆ ಎದುರಾಳಿ ಮಣ್ಣು ಮುಕ್ಕಬೇಕು. ಸಾಂಗ್ಲಿಯ ಕಡೆಯ ತಂಡವೊಂದು ನಮ್ಮೂರಿಗೆ ಆಡಲು ಬಂದು ಸೋತಾಗ ದಾನವ್ವ ನನ್ನ ಎದೆಯನ್ನು ಎರಡೂ ಕೈಯಲ್ಲಿ ಎಳೆದು ಹಿಡಿದು, “ಓದ್ಕೊಳ್ರಿ! ಏನ್ ಬರದೈತಿ ಓದ್ಕೊಳ್ರಿ!” ಎಂದು ಬಯಲ ಸುತ್ತ ಓಡಿದಳು. ಅವರಿಗೆ ಕನ್ನಡ ಓದಲು ಬರುವುದಿಲ್ಲ ಅಂತ ಹುಚ್ಚೇಶ ಸರ್ ಹೇಳಿದರೂ ಬಿಡಲಿಲ್ಲ.

ಅವಳಿಗೆ ನಾಡಿನ ಮೇಲಿದ್ದ ಹೆಮ್ಮೆ ಸ್ವಲ್ಪ ಅತಿಯಾದದ್ದೇ. ಜಿಲ್ಲೆಗಳ ಹೆಸರನ್ನು ಓಡುತ್ತ ಬಾಯಿಪಾಠ ಹೇಳುತ್ತಿದ್ದಳು, ಉಸಿರಿಗೊಂದು ಜಿಲ್ಲೆ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಅವಳ ಮುಖ ನೋಡಿ ಹಿಂದಿಯಲ್ಲಿ ಮಾತು ತೆಗೆದರೆ ಮುಗಿಯಿತು ಅವರ ಕಥೆ.

“ಅಣ್ಣಾರ, ಕನ್ನಡ ಬರೂದಿಲ್ಲೇನ್ ನಿಮಗ? ಪಾಪ, ಯಾವ ಕಡಿಂದ ಬಂದೀರಿ?” ಎಂದು ಕೇಳುತ್ತಿದ್ದಳು. ಆತ ತಬ್ಬಿಬ್ಬಾಗುತ್ತಿದ್ದ. ಅವಳು ನಗುತ್ತಿದ್ದಳು. ಆದರೆ ಬಸ್ಸು ಹತ್ತಿ ಕೂತ ಮೇಲೆ ಅವಳ ಎದೆ ಬಡಿದುಕೊಳ್ಳುತ್ತಿದ್ದುದು ನನಗೊಬ್ಬನಿಗೇ ಗೊತ್ತು.

ಅವಳಿಗೆ ಒಂದೇ ಒಂದು ಆಸೆ. ರಾಜ್ಯದ ತಂಡದಲ್ಲಿ ಆಡಬೇಕು, ಬೇರೆ ರಾಜ್ಯದ ಬಯಲಲ್ಲಿ ನಿಂತಾಗ ಮೈಕಿನಲ್ಲಿ ತನ್ನ ಹೆಸರಿನ ಮುಂದೆ ‘ಕರ್ನಾಟಕ’ ಎಂದು ಕೂಗಬೇಕು. “ಒಮ್ಮೆ ಹಂಗ ಕೂಗಿದ್ರ ಸಾಕು ಆಯಿ, ಆಮ್ಯಾಲ ಯಾರೂ ನನ್ನ ಏನೂ ಕೇಳೂದಿಲ್ಲ” ಎನ್ನುತ್ತಿದ್ದಳು. ಬನವ್ವ ಮಗ್ಗದ ಲಟಪಟದ ನಡುವೆ, “ಕೂಗ್ತಾರ ಬಿಡು, ಅವರಪ್ಪ ಕೂಗ್ಬೇಕು” ಎನ್ನುತ್ತಿದ್ದಳು.

ತಾಲೂಕು ಗೆದ್ದಳು, ಜಿಲ್ಲೆ ಗೆದ್ದಳು, ವಿಭಾಗವನ್ನೂ ಗೆದ್ದಳು. ಕೊನೆಗೆ ಬೆಂಗಳೂರಿನ ಆಯ್ಕೆಯಲ್ಲೂ ಹೆಸರು ಬಂತು. ಆ ಸುದ್ದಿ ಬಂದ ದಿನ ಬನವ್ವ ಮಗ್ಗ ನಿಲ್ಲಿಸಿ ಓಣಿಗೆಲ್ಲ ಸಿಹಿ ಮಾದಲಿ ಹಂಚಿದಳು. ಕರಣ ಬಹಾದ್ದೂರ ಅಂಗಡಿ ಅಂಗಡಿಗೆ ಹೋಗಿ, “ನಮ್ದು ಬೇಟಿ ಕರ್ನಾಟಕಕ್ಕ ಆಡ್ತೈತಿ” ಎಂದು ಹೇಳಿ ಸಲ್ಯೂಟು ಹೊಡೆದು ಬಂದ.

ಬೆಂಗಳೂರಿನ ಶಿಬಿರದಲ್ಲಿ ಅವಳಿಗೆ ಹೊಸ ಜರ್ಸಿ ಕೊಟ್ಟರು. ನಿಜ ಹೇಳುತ್ತೇನೆ, ನನ್ನ ಹೊಟ್ಟೆ ಉರಿಯಿತು. ಅದು ಹೊಳೆಯುವ ಬಟ್ಟೆ, ಹಿಂದೆ ಅವಳ ಹೆಸರು, ಮುಂದೆ ಎಲ್ಲ ಅಕ್ಷರವೂ ತಪ್ಪಿಲ್ಲದೆ. ಅವಳು ಅದನ್ನು ತೊಟ್ಟು ಕನ್ನಡಿಯ ಮುಂದೆ ಸುಮ್ಮನೆ ನಿಂತೇ ಇದ್ದಳು. ನನ್ನನ್ನು ಮಡಚಿ ಚೀಲಕ್ಕೆ ಹಾಕಿದಳು. ಚೀಲದ ಜಿಪ್ಪು ಕೆಟ್ಟಿತ್ತು, ಹಾಗಾಗಿ ನನ್ನ ಒಂದು ತೋಳು ಹೊರಗೇ ಉಳಿಯಿತು.

ತಂಡ ಹೊರಡಲು ಸ್ವಲ್ಪವೇ ದಿನ ಇರುವಾಗ ಯಾರೋ ಮಾತು ಎತ್ತಿದರು. ಆ ಹುಡುಗಿಯ ಮುಖ ನೋಡಿ, ಅವಳು ನಮ್ಮವಳಲ್ಲ, ನೇಪಾಳದವಳು ಎಂದರು. ಬೇರೆ ದೇಶದಲ್ಲಿ ಹುಟ್ಟಿದವರನ್ನು ತಂಡದಲ್ಲಿ ಕಳಿಸುವಂತಿಲ್ಲ ಎಂಬುದು ಖೋ-ಖೋ ಸಂಘದ ನಿಯಮವಂತೆ. ಶಾಲೆಯ ದಾಖಲೆಯಲ್ಲಿ ಗುಳೇದಗುಡ್ಡ ಅಂತಲೇ ಇತ್ತು. ತಂದೆ ಖುದ್ದಾಗಿ ಬಂದು ಹೌದು ಎಂದರೆ ಸಾಕು, ಅಲ್ಲಿಗೆ ಮುಗಿಸೋಣ ಎಂದರು ಸಂಘದವರು.

ಹುಚ್ಚೇಶ ಸರ್ ಊರಿಗೆ ಓಡಿ ಹೋಗಿ ಕರಣ ಬಹಾದ್ದೂರನನ್ನೂ ಬನವ್ವನನ್ನೂ ಕರೆತಂದರು. ರೈಲಿನುದ್ದಕ್ಕೂ ಅವನಿಗೆ ಒಂದೇ ಪಾಠ. ಸಂಘದ ಕಚೇರಿಯ ಬಾಗಿಲಾಚೆ ಬೆಂಚಿನ ಮೇಲೆ ಕೂತು ಅವನು ಅದನ್ನು ಒಪ್ಪಿಸುತ್ತಿದ್ದ.

“ಬೇಟಿ ಇಲ್ಲೇ ಹುಟ್ಟೈತ್ರಿ. ಗುಳೇದಗುಡ್ಡದಾಗ. ಬನವ್ವನ ಮನ್ಯಾಗ.”

“ಹಾಂ, ಅಷ್ಟಽ. ಹೆಚ್ಚೂ ಇಲ್ಲ, ಕಡಿಮೀನೂ ಇಲ್ಲ” ಎಂದರು ಸರ್.

“ನಾನಽ ಹೆರಿಗಿ ಮಾಡಿಸೇನಿ ಅಂತ ಆಣಿ ಮಾಡಿ ಹೇಳ್ತೀನಿ ಬೇಕಾದ್ರ” ಎಂದಳು ಬನವ್ವ. ಆದರೆ ಒಳಗೆ ಕರೆದದ್ದು ತಂದೆ ಮಗಳನ್ನು ಮಾತ್ರ.

ಮೇಜಿನ ಹಿಂದೆ ಒಬ್ಬ ಹಿರಿಯ ಹೆಂಗಸು, ಪಕ್ಕದಲ್ಲಿ ಇಬ್ಬರು ಗಂಡಸರು. ದಾನವ್ವ ಹೊಸ ಜರ್ಸಿ ತೊಟ್ಟು, ನಾನಿದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆ ಹೆಂಗಸು ಒಳ್ಳೆಯವರು.

“ಬನ್ನಿ, ಕೂತ್ಕೊಳ್ಳಿ. ಮಗಳು ತುಂಬಾ ಚೆನ್ನಾಗಿ ಆಡ್ತಾಳೆ ಕಣ್ರೀ. ಒಂದೇ ಪ್ರಶ್ನೆ ಇರೋದು. ಇವಳು ಹುಟ್ಟಿದ್ದೆಲ್ಲಿ?”

“ಬೇಟಿ ಇಲ್ಲೇ ಹುಟ್ಟೈತ್ರಿ. ಗುಳೇದಗುಡ್ಡದಾಗ. ಬನವ್ವನ ಮನ್ಯಾಗ.”

ಒಂದಕ್ಷರ ತಪ್ಪಲಿಲ್ಲ. ಆಕೆ ಪಕ್ಕದವರ ಮುಖ ನೋಡಿದರು, ಅವರು ಸರಿ ಎಂದು ತಲೆ ಆಡಿಸಿದರು. ದಾನವ್ವ ಬಿಗಿಹಿಡಿದ ಉಸಿರು ಬಿಟ್ಟಳು. ನಾನೂ ಬಿಟ್ಟೆ. ಆಕೆ ಪೆನ್ನು ತೆಗೆದು ಠಸ್ಸೆ ಎಲ್ಲಿ ಎಂದು ಮೇಜಿನ ಖಾನೆಯಲ್ಲಿ ಹುಡುಕತೊಡಗಿದರು. ಹುಡುಕುತ್ತ, ಸುಮ್ಮನೆ ಮಾತಿಗೆ ಅಂತ ಕೇಳಿದರು:

“ನಿಮ್ಮದು ಯಾವೂರಪ್ಪಾ?”

ಅದರಲ್ಲಿ ಕಪಟವಿರಲಿಲ್ಲ. ಕನ್ನಡದವರು ಇಬ್ಬರು ಎದುರುಬದುರು ಕೂತರೆ ಊಟ ಆಯಿತೇ ಎಂಬುದರ ಹಿಂದೆಯೇ ಬರುವ ಮಾತು ಅದು. ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯಲ್ಲಿ ಎಲ್ಲರೂ ಎಲ್ಲರನ್ನೂ ಕೇಳುತ್ತಾರೆ. ಆದರೆ ಕರಣ ಬಹಾದ್ದೂರನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಗೂರ್ಖಾ ಅಂದರೆ ನೇಪಾಳದವನು, ಮುಗಿಯಿತು. ನೇಪಾಳದಲ್ಲಿ ಯಾವ ಊರು, ಅಲ್ಲಿ ಏನು ಬೆಳೆಯುತ್ತಾರೆ, ಮನೆಯ ಬಾಗಿಲು ಯಾವ ದಿಕ್ಕಿಗೆ, ಇದೆಲ್ಲ ಯಾರಿಗೆ ಬೇಕಿತ್ತು? ಎತ್ತಿ ಸಾಕಿದ ಬನವ್ವನೂ ಕೇಳಿರಲಿಲ್ಲ. ಸ್ವಂತ ಮಗಳೂ ಕೇಳಿರಲಿಲ್ಲ, ಅವಳಿಗೆ ಆ ಊರೆಂದರೆ ಹೆದರಿಕೆ. ಬಂದು ಇಷ್ಟು ಕಾಲವಾದ ಮೇಲೆ ಒಬ್ಬರು ಅವನ ಮುಖ ನೋಡಿ, ನಿಮ್ಮದು ಯಾವೂರಪ್ಪಾ ಎಂದಿದ್ದರು.

ಅವನು ನೆಟ್ಟಗೆ ಕೂತ. ಮುಖಕ್ಕೆ ಎಂಥದೋ ಬೆಳಕು ಬಂತು. ಊರಿನ ಹೆಸರು ಹೇಳಿದ, ಹೊಳೆಯ ಹೆಸರು ಹೇಳಿದ.

“ನಮ್ದು ಊರಾಗ ಅಂಗಳದಾಗ ನಿಂತ್ರ ಬರಫಿನ ಗುಡ್ಡ ಕಾಣ್ತೈತ್ರಿ ಮೇಡಂ. ಮನೀ ಮ್ಯಾಲೆ ಕಲ್ಲಿನ ಹಾಸು, ಮನೀ ಹಿಂದ ಕಿತ್ತಳಿ ಗಿಡ. ಅಂಥಾ ಕಿತ್ತಳಿ ಇಲ್ಲಿ ಇಲ್ರಿ. ನೀರು ಎಷ್ಟು ಸಿಹಿ! ಅಂಥಾ ಊರು ಎಲ್ಲೀನೂ ಇಲ್ರಿ.”

ದಾನವ್ವನ ಕೈ ಮೇಲೆದ್ದಿತು. ಅಪ್ಪನ ತೋಳು ಹಿಡಿದು ಜಗ್ಗಬೇಕು ಎಂದೇ ಎದ್ದಿತ್ತು. ಅಷ್ಟರಲ್ಲಿ ಅವನು ಹೇಳಿದ:

“ನಮ್ದು ಹೆಂಡ್ತಿ, ಮನಸರಾ ಅಂತ ಹೆಸರು. ಭಾಳ ಹಾಡ್ತಿತ್ತು.”

ಕೈ ಅಲ್ಲೇ ನಿಂತಿತು. ಅವ್ವನ ಹೆಸರನ್ನು ಅವಳು ಹುಟ್ಟಿದ ಮೇಲೆ ಮೊದಲ ಸಲ ಕೇಳುತ್ತಿದ್ದಳು.

“ಬೇಟಿ ಹುಟ್ಟಿದ ದಿನ ಹೊಳಿ ತುಂಬಿ ಬಂದಿತ್ರಿ. ಸೂಲಗಿತ್ತಿ ಆ ದಂಡಿಗೆ ನಿಂತು ಕೂಗ್ತಿತ್ತು, ಹಿಂಗ ಮಾಡ್ರಿ, ಹಂಗ ಮಾಡ್ರಿ ಅಂತ. ಹೊಳಿ ಸಪ್ಪಳದಾಗ ಏನೂ ಕೇಳ್ಲಿಲ್ರಿ ನಮಗ. ಬೇಟಿ ಉಳೀತು. ಆಕಿ ಉಳೀಲಿಲ್ಲ. ಆ ಹೊಳಿ ದಂಡಿಗೇ ಸುಟ್ಟೇವ್ರಿ ಆಕೀನ. ಮತ್ತಽ...”

ಮೇಜಿನ ಹಿಂದಿನ ಹೆಂಗಸಿನ ಕೈಯಲ್ಲಿ ಠಸ್ಸೆ ಇತ್ತು, ಅದನ್ನು ಮೆಲ್ಲಗೆ ಕೆಳಗಿಟ್ಟರು. ಪಕ್ಕದ ಗಂಡಸರು ತಲೆ ತಗ್ಗಿಸಿದರು. ಕರಣ ಬಹಾದ್ದೂರ ಇನ್ನೂ ಏನೋ ಹೇಳಲಿಕ್ಕಿದ್ದವನು ಎಲ್ಲರ ಮುಖ ನೋಡಿದ. ತನ್ನ ಬಾಯಿಂದ ಏನು ಬಿತ್ತು ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಎದ್ದು ನಿಂತುಬಿಟ್ಟ.

“ಇಲ್ರಿ, ಇಲ್ರಿ! ಬೇಟಿ ಇಲ್ಲೇ ಹುಟ್ಟೈತ್ರಿ! ಗುಳೇದಗುಡ್ಡದಾಗ, ಬನವ್ವನ ಮನ್ಯಾಗ! ಬನವ್ವನ ಮನ್ಯಾಗ್ರಿ!”

“ನಾನ್ಯಾಕಾದ್ರೂ ಕೇಳಿದೆನೋ!” ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಎಲ್ಲರ ಕಿವಿಗೂ ಬಿದ್ದುಬಿಡ್ತಲ್ಲಪ್ಪಾ. ಇನ್ನು ನಾನು ಹೇಗೆ ಸಹಿ ಹಾಕಲಿ?”

ದಾನವ್ವ ಅಳಲಿಲ್ಲ. ಪಕ್ಕದ ಕೋಣೆಗೆ ಹೋಗಿ ಹೊಸ ಜರ್ಸಿ ಕಳಚಿ, ಸುಕ್ಕು ಬೀಳದಂತೆ ಮಡಚಿ, ತಂದು ಮೇಜಿನ ಮೇಲಿಟ್ಟಳು. ಚೀಲದಿಂದ ನನ್ನನ್ನು ತೆಗೆದು ತೊಟ್ಟಿದ್ದಳು. ನಾನು ಬೇಡಿಕೊಂಡದ್ದು ಇದನ್ನೇ ಅಲ್ಲವೇ, ಅವಳು ಮತ್ತೆ ನನ್ನನ್ನೇ ತೊಡಲಿ ಅಂತ? ಆ ಹೊತ್ತಿನಲ್ಲಿ ಅವಳ ಮೈ ನನ್ನೊಳಗೆ ಗಡಗಡ ನಡುಗುತ್ತಿತ್ತು. ಹಾಳಾಗಿ ಹೋಗಲಿ ನನ್ನ ಹೊಟ್ಟೆಕಿಚ್ಚು ಅನ್ನಿಸಿತು.

ಊರಿಗೆ ಮರಳುವ ರೈಲಿನಲ್ಲಿ ಹುಚ್ಚೇಶ ಸರ್ ಕಿಟಕಿಯ ಕಡೆ ತಿರುಗಿ ಕೂತರು. ಬನವ್ವ ತಡೆಯಲಾರದೆ, “ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಅಷ್ಟು ಹೇಳಿ ಕರಕೊಂಡು ಬಂದಿದ್ವಲ್ಲೋ ಗೂರ್ಖಾ” ಎಂದಳು.

“ಆಯಿ, ಸುಮ್ನಿರು” ಎಂದಳು ದಾನವ್ವ. “ನಾ ತಡೀಬಹುದಿತ್ತು, ತಡೀಲಿಲ್ಲ. ಅಪ್ಪ ಅವ್ವನ ಹೆಸರು ಹೇಳಾಕತ್ತಿದ್ದ.” ಆಮೇಲೆ ಬನವ್ವನ ತೊಡೆಯ ಮೇಲೆ ತಲೆ ಇಟ್ಟು ಅತ್ತಳು. ಗದಗ ದಾಟಿದರೂ ಅಳು ನಿಲ್ಲಲಿಲ್ಲ. ನನ್ನ ಎದೆಯ ಅಕ್ಷರಗಳೆಲ್ಲ ಒದ್ದೆಯಾದವು.

ತಂಡ ಅವಳಿಲ್ಲದೆ ಹೋಯಿತು. ಗೆದ್ದು ಬಂತು. ಅವಳು ಹುಚ್ಚೇಶ ಸರ್ ಅವರ ಫೋನಿನಲ್ಲಿ ಆ ಆಟ ನೋಡಿ, ಗೆದ್ದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಳು. ಅದನ್ನು ನೋಡಿ ನನಗೆ ಸಂಕಟವಾಯಿತು. ರಾಜ್ಯೋತ್ಸವದ ದಿನ ಶಾಲೆಯ ಮಕ್ಕಳ ಮುಂದೆ ಬಾವುಟ ಹಿಡಿಯಲು ಎಂದಿನಂತೆ ಹೋದಳು. ಓಣಿಯ ಹೆಂಗಸೊಬ್ಬಳು, “ಅವರು ನಿನ್ನ ಬ್ಯಾಡಂದ್ರು, ನಿನಗಿನ್ನೂ ಆ ಹುಚ್ಚು ಹೋಗಿಲ್ಲಲ್ಲ” ಎಂದಳು. ದಾನವ್ವ ತಿರುಗಿ ಜಗಳ ತೆಗೆಯುತ್ತಾಳೆ ಅಂದುಕೊಂಡೆ.

“ನಾ ಮತ್ತೆಲ್ಲಿ ಹೋಗ್ಲೆವಾ?” ಎಂದಳು, ಅಷ್ಟೇ. “ನನಗ ಬ್ಯಾರೇದು ಯಾವುದೂ ಬರೂದಿಲ್ಲ.”

ಕರಣ ಬಹಾದ್ದೂರ ಆ ದಿನದಿಂದ ಬದಲಾದ. ಮಗಳು ಸಿಟ್ಟು ಮಾಡಿದ್ದರೆ, ಬೈದಿದ್ದರೆ ಸರಿಹೋಗುತ್ತಿತ್ತೇನೋ. ಅವಳು ಬೈಯಲಿಲ್ಲ. ಒಂದು ಬೆಳಗ್ಗೆ ನಾನು ಹಿತ್ತಲಲ್ಲಿ ಒಣಗುತ್ತಿದ್ದಾಗ ಅವನು ತನ್ನ ಹಳೆಯ ಪೆಟ್ಟಿಗೆ ತೆರೆದ. ನೇಪಾಳದಿಂದ ತಂದಿದ್ದ ಟೊಪ್ಪಿಗೆ, ಕೆಲವು ಮಾಸಿದ ಕಾಗದ, ಅಲ್ಲಿಯ ಮುತ್ತೈದೆಯರು ತೊಡುವ ಗಾಜುಮಣಿಯ ಒಂದು ಪೋತೆ ಸರ. ಎಲ್ಲವನ್ನೂ ನೀರೊಲೆಗೆ ಹಾಕಿದ. ಸರವನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದು, ಅದನ್ನೂ ಹಾಕಿದ. ಬೆಂಕಿಯಲ್ಲಿ ಮಣಿಗಳು ಚಟಚಟ ಸಿಡಿದವು. ನನಗೆ ಕೂಗಬೇಕೆನಿಸಿತು, ಬಾಯಿ ಎಲ್ಲಿತ್ತು?

ಅಲ್ಲಿಂದ ಮುಂದೆ ಅವನ ಬಾಯಲ್ಲಿ ಅವನ ಭಾಷೆಯ ಒಂದು ಮಾತು ಬರಲಿಲ್ಲ. ಬೇಟಿ ಎನ್ನುವುದನ್ನೂ ಬಿಟ್ಟ. ಇಲ್ಲಿಯ ಅಪ್ಪಂದಿರ ಹಾಗೆ “ಯವ್ವಾ” ಎಂದು ಕರೆಯತೊಡಗಿದ. ಗಂಡಸಿಗೆ ‘ಬಂದ’, ಹೆಂಗಸಿಗೆ ‘ಬಂದ್ಲು’ ಎಂದು ತಪ್ಪಿಲ್ಲದೆ ಮಾತಾಡಲು ಕಲಿತ. ದಾನವ್ವ ಆಟ ಬಿಟ್ಟು ಮಗ್ಗಕ್ಕೆ ಕೂತ ಮೇಲೆ ನನ್ನನ್ನು ತೊಡುವವರಿಲ್ಲದೆ ಗೂಟಕ್ಕೆ ನೇತಾಡುತ್ತಿದ್ದೆ. ಅವನು ಕೇಳಿ ತೊಟ್ಟುಕೊಂಡ. ಕಾಕಿ ಕೋಟಿನ ಒಳಗೆ, ಯಾರಿಗೂ ಕಾಣದಂತೆ. ಅವನ ಎದೆ ಒಳಗೊಳಗೇ ಗೊರಗೊರ ಎನ್ನುವುದು ನನಗೆ ಅಂದೇ ಕೇಳಿಸಿತ್ತು.

ಬನವ್ವ ತೀರಿಕೊಂಡಳು. ಮಗ್ಗ ದಾನವ್ವನದಾಯಿತು. ಅದಾದ ಮರುವರ್ಷ ಅವನು ಹಾಸಿಗೆ ಹಿಡಿದ. ಹುಚ್ಚೇಶ ಸರ್ ಆಸ್ಪತ್ರೆ ಆಸ್ಪತ್ರೆ ಸುತ್ತಿಸಿದರು. ಪುಪ್ಪುಸ ಪೂರಾ ಕೆಟ್ಟಿದೆ, ಮನೆಗೆ ಒಯ್ಯಿರಿ ಎಂದರು ಡಾಕ್ಟರರು.

ಆ ದಿನಗಳಲ್ಲಿ ದಾನವ್ವ ಅವನ ಬದಿಗೆ ಕೂತು, ಎಷ್ಟೋ ಕಾಲದಿಂದ ಗಂಟಲಲ್ಲಿಟ್ಟುಕೊಂಡಿದ್ದನ್ನು ಕೇಳಿದಳು.

“ಅಪ್ಪಾ, ನಿಮ್ಮೂರಿನ ಹೆಸರೇನಪ್ಪಾ? ಅವತ್ತು ಹೇಳಿದಿ, ನಂಗ ಲಕ್ಷ್ಯ ಇರಲಿಲ್ಲ. ಅವ್ವನ ಹೆಸರೊಂದಽ ತಲ್ಯಾಗ ಉಳೀತು. ಆ ಹೊಳಿ ಯಾವುದು?”

ಅವನು ಕಣ್ಣು ತೆರೆದು ಮಗಳನ್ನು ನೋಡಿದ.

“ಯಾವ ಹೊಳಿ? ನಮಗ ಮಲಪ್ರಭಾ ಒಂದಽ ಹೊಳಿ, ಯವ್ವಾ.”

“ಹಂಗಲ್ಲಪ್ಪಾ. ನಾ ಹುಟ್ಟಿದ ಊರು. ಒಮ್ಮಿ ಹೋಗಿ ಅವ್ವನ ಜಾಗಾ ನೋಡಿ ಬರ್ತೀನಿ.”

“ನೀ ಇಲ್ಲೇ ಹುಟ್ಟೀದಿ” ಎಂದ. ಉಸಿರಿಗೆ ತಡವರಿಸುತ್ತ, ಒಂದೊಂದೇ ಮಾತು ಜೋಡಿಸಿ ಹೇಳಿದ. “ಗುಳೇದಗುಡ್ಡದಾಗ. ಬನವ್ವನ ಮನ್ಯಾಗ. ಯಾರರ ಕೇಳಿದ್ರ ನನ್ನ ಕರಿ, ನಾ ಹೇಳ್ತೀನಿ.”

“ಈಗ ಯಾರೂ ಕೇಳಾಕತ್ತಿಲ್ಲಪ್ಪಾ. ನಾ ಕೇಳಾಕತ್ತೀನಿ. ಖರೇ ಹೇಳು.”

“ಖರೇನಽ ಹೇಳ್ತೀನಿ. ಇಲ್ಲೇ ಹುಟ್ಟೀದಿ. ಬ್ಯಾರೇ ಊರು ಇಲ್ಲ ನಮಗ.”

ದಿನವೂ ಕೇಳಿದಳು. ಗದರಿ ಕೇಳಿದಳು, ಮುದ್ದು ಮಾಡಿ ಕೇಳಿದಳು, ಕಾಲು ಹಿಡಿದು ಕೇಳಿದಳು. ದಿನವೂ ಅದೇ ಉತ್ತರ. ಅವಳಿಂದ ತಾನು ಕಸಿದದ್ದನ್ನು ಹೇಗಾದರೂ ಹಿಂದಕ್ಕೆ ಕೊಡಬೇಕೆಂದು ಅವನ ಹಟ. ಅದಕ್ಕಾಗಿ ಊರನ್ನು ನುಂಗಿದ, ಹೊಳೆಯನ್ನು ನುಂಗಿದ, ಹಾಡುತ್ತಿದ್ದ ಹೆಂಡತಿಯನ್ನೂ ನುಂಗಿದ. ಕೊನೆಯ ದಿನ ಅವನ ಕೈ ನನ್ನ ಎದೆಯ ಮೇಲಿತ್ತು. “ಹೌದಲ್ಲೇನ ಯವ್ವಾ, ಇಲ್ಲೇ ಹುಟ್ಟೀಯಲ್ಲಾ?” ಎಂದು ಮಗಳನ್ನೇ ಕೇಳಿದ. ಅವಳು ಅವನ ಹಣೆ ಸವರಿ, “ಹೌದಪ್ಪಾ, ಇಲ್ಲೇ. ಬನವ್ವಾಯಿ ಮನ್ಯಾಗ” ಎಂದಳು. ಅವನಿಗೆ ಸಮಾಧಾನವಾಯಿತು. ಹೊತ್ತು ಏರುವ ಮೊದಲೇ ಹೋಗಿಬಿಟ್ಟ.

ಈಗ ನಾನು ದಾನವ್ವನ ಪೆಟ್ಟಿಗೆಯಲ್ಲಿದ್ದೇನೆ, ಮಾರಾಟಕ್ಕಿಟ್ಟ ಖಣಗಳ ಕೆಳಗೆ. ಬಣ್ಣ ಹೋಗಿದೆ, ಬಗಲಲ್ಲಿ ಹರಿದಿದೆ, ಒರೆಸುಬಟ್ಟೆಗೂ ಆಗುವುದಿಲ್ಲ. ಅವಳು ಬಿಸಾಡುವುದಿಲ್ಲ. ಅವಳು ಬಾಗಲಕೋಟೆ, ಬಾದಾಮಿ, ಇಳಕಲ್ಲು ಎಂದು ತಿರುಗಿ, ಎಲ್ಲಿ ಗೂರ್ಖಾ ಇದ್ದಾನೆಂದು ಕೇಳಿದಳೋ ಅಲ್ಲಿಗೆಲ್ಲ ಹೋಗಿ ಬಂದಳು. ಕರಣ ಬಹಾದ್ದೂರ ಎಂಬ ಹೆಸರು ನಮ್ಮಲ್ಲಿ ಗುಡ್ಡಕ್ಕೊಂದು ಇದೆ ತಂಗಿ, ಹೊಳೆ ಇಲ್ಲದ ಊರೂ ಅಲ್ಲಿಲ್ಲ ಎಂದರು ಅವರು. ಈಗ ಹೋಗುವುದನ್ನು ಬಿಟ್ಟಿದ್ದಾಳೆ. ಮಗ್ಗದ ಮುಂದೆ ಕೂತವಳು ಕೆಲವೊಮ್ಮೆ ಕೈ ನಿಲ್ಲಿಸಿ, “ಮನಸರಾ, ಮನಸರಾ” ಎಂದು ಬಾಯೊಳಗೇ ಅನ್ನುತ್ತಾಳೆ. ಆ ಹೆಸರಿನ ಮುಂದೆ ಇನ್ನೊಂದು ಹೆಸರು ನೆನಪಾದೀತೇ ಎಂದು ಕಾಯುತ್ತಾಳೆ. ಆಗುವುದಿಲ್ಲ.

ನನಗೆ ನೆನಪಿದೆ. ಅವತ್ತು ಆ ಕೋಣೆಯಲ್ಲಿ, ಅವಳ ತೊಡೆಯ ಮೇಲಿನ ಚೀಲದಲ್ಲಿ ನಾನಿದ್ದೆ. ಅವಳು ಹೆದರಿಕೆಯಲ್ಲಿ ಕೇಳಿಸಿಕೊಳ್ಳದ್ದನ್ನೆಲ್ಲ ನಾನು ಕೇಳಿಸಿಕೊಂಡೆ. ನಾನು ಬಟ್ಟೆ, ನನ್ನಿಂದ ಹೇಳಲಾಗುವುದಿಲ್ಲ. ನೀವು ಯಾರಾದರೂ ಗುಳೇದಗುಡ್ಡದ ಕಡೆ ಹೋದರೆ ಬಜಾರದ ಹಿಂದಿನ ಓಣಿಯಲ್ಲಿ ಖಣ ನೇಯುವ ದಾನವ್ವನ ಮನೆ ಕೇಳಿ. ಚಿಕ್ಕ ಮಕ್ಕಳೂ ತೋರಿಸುತ್ತಾರೆ. ಅವಳ ಬಳಿ ಕೂತು ಮೆಲ್ಲಗೆ ಹೇಳಿ: ಊರು ಕಾಫಲಕೋಟ. ಹೊಳೆ ಬುಢಿಗಂಗಾ. ನಿಮ್ಮವ್ವ ಅಲ್ಲಿದ್ದಾಳೆ.